ಸ್ತನ ಎತ್ತುವ ಶಸ್ತ್ರಚಿಕಿತ್ಸೆ: ಕೊಯ್ತದ ವಿಧಗಳು ಮತ್ತು ಉಳಿಯುವ ಕಲೆ

ಜೋತುಬಿದ್ದ ಸ್ತನವನ್ನು ಮೇಲಕ್ಕೆತ್ತಿ ಆಕಾರಕ್ಕೆ ತರುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಮ್ಯಾಸ್ಟೊಪೆಕ್ಸಿ ಎನ್ನುತ್ತಾರೆ. ಇದರಲ್ಲಿ ಸ್ತನದ ಗಾತ್ರ ಹೆಚ್ಚು ಬದಲಾಗುವುದಿಲ್ಲ. ಮಿಕ್ಕಿರುವ ಚರ್ಮವನ್ನು ತೆಗೆದು, ಒಳಗಿನ ಗ್ರಂಥಿಯನ್ನು ಎತ್ತಿ ಹೊಲಿದು, ತೊಟ್ಟನ್ನು ಮೇಲಿನ ಜಾಗಕ್ಕೆ ಸರಿಸುತ್ತಾರೆ. ಚರ್ಮ ಕೊಯ್ಯದೆ ಈ ಕೆಲಸ ಸಾಧ್ಯವಿಲ್ಲ. ಕೊಯ್ದಲ್ಲಿ ಕಲೆ ಉಳಿದೇ ಉಳಿಯುತ್ತದೆ. ಆ ಕಲೆ ಎಲ್ಲಿರುತ್ತದೆ, ಎಷ್ಟು ಉದ್ದವಿರುತ್ತದೆ ಎಂಬುದನ್ನು ಕೊಯ್ತದ ವಿಧಾನ ನಿರ್ಧರಿಸುತ್ತದೆ. ಅದು ತೆಳುಗೆರೆಯಾಗಿ ಮಾಸುವುದೋ, ಅಗಲವಾಗಿ ಹರಡುವುದೋ, ದಪ್ಪಗೆ ಉಬ್ಬುವುದೋ ಎಂಬುದಕ್ಕೆ ಕಾರಣಗಳು ಬೇರೆ: ಹೊಲಿಗೆಯ ಮೇಲಿನ ಎಳೆತ, ಚರ್ಮದ ಗುಣ ಮತ್ತು ಗಾಯ ಮಾಯುವ ತಿಂಗಳುಗಳ ಆರೈಕೆ.

ಸ್ತನವನ್ನು ಎತ್ತಿ ಹಿಡಿಯುವ ಸ್ನಾಯು ಅದರೊಳಗೆ ಇಲ್ಲ. ಹಾಲಿನ ಗ್ರಂಥಿ ಮತ್ತು ಕೊಬ್ಬಿನ ನಡುವೆ ಹಾಯ್ದು ಚರ್ಮವನ್ನು ಒಳಪದರಕ್ಕೆ ಬಿಗಿಯುವ ನಾರುಪಟ್ಟಿಗಳು ಮತ್ತು ಹೊರಗಿನ ಚರ್ಮ, ಇವೆರಡೇ ಅದರ ಆಧಾರ. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರಲ್ಲಿ ಪ್ರಕಟಿಸಿದ ಸ್ತನರಚನೆಯ ಗ್ರಂಥದಲ್ಲಿ ಈ ಪಟ್ಟಿಗಳನ್ನು ವಿವರಿಸಿದ್ದರಿಂದ ಅವಕ್ಕೆ ಅವನ ಹೆಸರೇ ಉಳಿದಿದೆ. ಗರ್ಭ ನಿಂತಾಗ ಗ್ರಂಥಿ ಹಿಗ್ಗಿ ಮತ್ತೆ ಕುಗ್ಗುತ್ತದೆ, ತೂಕ ಏರಿ ಇಳಿದಾಗ ಕೊಬ್ಬು ಕರಗುತ್ತದೆ; ಹಿಗ್ಗಿದ ಚರ್ಮ ಮಾತ್ರ ಮೊದಲಿನ ಅಳತೆಗೆ ಮರಳುವುದಿಲ್ಲ. ವಯಸ್ಸು ಮತ್ತು ಧೂಮಪಾನ ಚರ್ಮದ ಪುಟಿತವನ್ನು ಇನ್ನಷ್ಟು ತಗ್ಗಿಸುತ್ತವೆ. ಮಗುವಿಗೆ ಹಾಲೂಡಿಸಿದರೆ ಸ್ತನ ಜೋಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಸಿರಿನ ಸಂಖ್ಯೆ, ವಯಸ್ಸು, ಮೈತೂಕ ಮತ್ತು ಧೂಮಪಾನಕ್ಕೆ ಜೋಲುವಿಕೆಯೊಡನೆ ಸಂಬಂಧ ಕಂಡಿತು, ಹಾಲೂಡಿಕೆಗೆ ಕಾಣಲಿಲ್ಲ.

ಯಾವ ಕೊಯ್ತ ಬೇಕೆಂದು ತೀರ್ಮಾನಿಸುವ ಮೊದಲು ಜೋಲುವಿಕೆಯನ್ನು ಅಳೆಯಬೇಕು. ಕೆನಡಾದ ಮಾಂಟ್ರಿಯಲ್‌ನ ಪೋಲ್ ರೆನ್ಯೊ 1976ರಲ್ಲಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಸ್ತನದ ಬುಡ ಎದೆಗೆ ಸೇರುವ ಕೆಳಮಡಿಕೆಯೇ ಅದರ ಅಳತೆಗೆರೆ. ತೊಟ್ಟು ಆ ಮಡಿಕೆಯ ಮಟ್ಟದಲ್ಲಿ ಅಥವಾ 1 ಸೆಂ.ಮೀ. ಒಳಗೆ ಇಳಿದಿದ್ದರೆ ಒಂದನೇ ಹಂತ. 1ರಿಂದ 3 ಸೆಂ.ಮೀ. ಇಳಿದಿದ್ದರೆ ಎರಡನೇ ಹಂತ. ಅದಕ್ಕಿಂತಲೂ ಇಳಿದು, ಸ್ತನದ ಅತಿ ಕೆಳಗಿನ ಅಂಚಿನಲ್ಲಿ ನೆಲದತ್ತ ಮುಖ ಮಾಡಿದ್ದರೆ ಮೂರನೇ ಹಂತ. ತೊಟ್ಟು ಮಡಿಕೆಗಿಂತ ಮೇಲೆಯೇ ಇದ್ದು, ಗ್ರಂಥಿಯ ಕೆಳಭಾಗ ಮಾತ್ರ ಜೋತಿದ್ದರೆ ಅದನ್ನು ಹುಸಿ ಜೋಲುವಿಕೆ ಎಂದು ಬೇರೆಯಾಗಿ ಎಣಿಸುತ್ತಾರೆ.

ಎರಡು ತೀರ್ಮಾನಗಳನ್ನು ಇಲ್ಲಿ ಬೇರೆಬೇರೆಯಾಗಿ ನೋಡಬೇಕು. ಚರ್ಮವನ್ನು ಯಾವ ಆಕಾರದಲ್ಲಿ ಕೊಯ್ಯಬೇಕು ಎಂಬುದು ಒಂದು. ತೊಟ್ಟಿಗೆ ರಕ್ತ ಯಾವ ದಿಕ್ಕಿನಿಂದ ಹರಿಯಬೇಕು ಎಂಬುದು ಇನ್ನೊಂದು. ತೊಟ್ಟನ್ನು ಸಾಮಾನ್ಯವಾಗಿ ಪೂರ್ತಿ ಬಿಡಿಸಿ ತೆಗೆಯುವುದಿಲ್ಲ. ರಕ್ತನಾಳ ಮತ್ತು ನರಗಳಿರುವ ಅಂಗಾಂಶದ ಒಂದು ಪಟ್ಟಿಯನ್ನು ಉಳಿಸಿಕೊಂಡು, ಅದರ ಸಮೇತ ಮೇಲಕ್ಕೆ ಸರಿಸುತ್ತಾರೆ. ಇದಕ್ಕೆ ಪೆಡಿಕಲ್ ಎಂದು ಹೆಸರು. ಅದು ಮೇಲಿನಿಂದ, ಒಳಬದಿಯಿಂದ ಅಥವಾ ಕೆಳಗಿನಿಂದ ಬರಬಹುದು. ಕಣ್ಣಿಗೆ ಕಾಣುವ ಕಲೆ ಚರ್ಮದ ಕೊಯ್ತದ್ದು. ತೊಟ್ಟಿನ ಜೀವ ಮತ್ತು ಸ್ಪರ್ಶ ಉಳಿಯುವುದು ಪೆಡಿಕಲ್‌ನಿಂದ. ಹೊರಗಿನ ಕಲೆ ಒಂದೇ ಬಗೆಯಾಗಿದ್ದರೂ ಒಳಗಿನ ಕೆಲಸ ಬೇರೆಯಾಗಿರಬಹುದು.

ಕೊಯ್ತಗಳಲ್ಲಿ ಅತಿ ಚಿಕ್ಕದು ಅರ್ಧಚಂದ್ರದ್ದು. ತೊಟ್ಟಿನ ಸುತ್ತಲಿನ ಕಪ್ಪು ವರ್ತುಲವನ್ನು ಏರಿಯೋಲಾ ಎನ್ನುತ್ತಾರೆ. ಅದರ ಮೇಲಂಚಿನಲ್ಲಿ ಚಂದ್ರಾಕಾರದ ಚರ್ಮದ ತುಣುಕನ್ನು ತೆಗೆದು ಅಂಚುಗಳನ್ನು ಕೂಡಿಸುತ್ತಾರೆ. ತೊಟ್ಟು ಏರುವುದು ಸುಮಾರು 1 ಸೆಂ.ಮೀ. ಮಾತ್ರ. ಇದಕ್ಕಿಂತ ಹೆಚ್ಚು ಎತ್ತಲು ಹೋದರೆ ಏರಿಯೋಲಾ ಮೇಲ್ಮುಖವಾಗಿ ಎಳೆದುಕೊಂಡು ಮೊಟ್ಟೆಯಾಕಾರ ತಾಳುತ್ತದೆ.

ಎರಡನೆಯದು ಏರಿಯೋಲಾದ ಸುತ್ತಲೂ ಕೊಯ್ಯುವ ವೃತ್ತವಿಧಾನ. ಏರಿಯೋಲಾದ ಅಂಚಿನಲ್ಲಿ ಒಂದು ವೃತ್ತ, ಹೊರಗೆ ಇನ್ನೊಂದು ದೊಡ್ಡ ವೃತ್ತ ಬರೆದು, ನಡುವಿನ ಚರ್ಮದ ಬಳೆಯನ್ನು ತೆಗೆಯುತ್ತಾರೆ. ಕಲೆ ಕಪ್ಪು ವರ್ತುಲದ ಅಂಚಿನಲ್ಲಿ ಅಡಗುವುದರಿಂದ ಇದು ಬಹಳ ಆಕರ್ಷಕವಾಗಿ ತೋರುತ್ತದೆ. ಆದರೆ ಇದರೊಳಗೆ ಒಂದು ಲೆಕ್ಕದ ತೊಡಕಿದೆ. ಒಳವೃತ್ತದ ವ್ಯಾಸ 4 ಸೆಂ.ಮೀ. ಇದ್ದರೆ ಅದರ ಸುತ್ತಳತೆ ಸುಮಾರು 12.5 ಸೆಂ.ಮೀ. ಹೊರವೃತ್ತ 8 ಸೆಂ.ಮೀ. ವ್ಯಾಸದ್ದಾದರೆ ಸುತ್ತಳತೆ ಸುಮಾರು 25 ಸೆಂ.ಮೀ. ಇಮ್ಮಡಿ ಉದ್ದದ ಅಂಚನ್ನು ಚಿಕ್ಕ ಅಂಚಿಗೆ ಕೂಡಿಸಬೇಕಾದಾಗ, ಲಂಗದ ಘೇರನ್ನು ಸೊಂಟಪಟ್ಟಿಗೆ ಹೊಲಿದಂತೆ, ಸುತ್ತ ನೆರಿಗೆ ಬೀಳುತ್ತದೆ. ನೆರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ, ಆದರೆ ಹೊರಗಿನ ಚರ್ಮ ಎಲ್ಲ ದಿಕ್ಕಿನಲ್ಲೂ ಏರಿಯೋಲಾವನ್ನು ಎಳೆಯುತ್ತಲೇ ಇರುತ್ತದೆ. ಕಾಲಕ್ರಮದಲ್ಲಿ ಏರಿಯೋಲಾ ಅಗಲವಾಗಬಹುದು, ಕಲೆ ಹರಡಬಹುದು, ಸ್ತನದ ಮುಂಭಾಗ ಚಪ್ಪಟೆಯಾಗಬಹುದು. ಪ್ಯಾರಿಸ್‌ನ ಲೂಯಿ ಬೆನೆಲ್ಲಿ 1990ರಲ್ಲಿ ಈ ಎಳೆತಕ್ಕೆ ಉಪಾಯವೊಂದನ್ನು ಪ್ರಕಟಿಸಿದ. ಹೊರಅಂಚಿನ ಒಳಚರ್ಮದಲ್ಲಿ ಕರಗದ ದಾರವನ್ನು ಸುತ್ತಲೂ ಪೋಣಿಸಿ ಬಿಗಿಯುವುದು, ಗ್ರಂಥಿಯನ್ನು ಬೇರೆಯಾಗಿ ಒಳಗೇ ಹೊಲಿದು ಆಕಾರ ಕೊಡುವುದು ಅವನ ಕ್ರಮ. ಇದರಿಂದ ಫಲ ಸುಧಾರಿಸಿತಾದರೂ ವೃತ್ತದ ಲೆಕ್ಕ ಬದಲಾಗಲಿಲ್ಲ. ಆದ್ದರಿಂದ ಈ ವಿಧಾನ ಒಪ್ಪುವುದು ಕಡಿಮೆ ಜೋಲುವಿಕೆಗೆ.

ಮೂರನೆಯದು ಲಂಬ ವಿಧಾನ. ಏರಿಯೋಲಾದ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಮಡಿಕೆಯತ್ತ ನೇರವಾಗಿ ಇಳಿಯುವ ಒಂದು ಗೆರೆ. ಫ್ರಾನ್ಸಿನ ಕ್ಲೋದ್ ಲಾಸ್ಯೂ ಇದನ್ನು ರೂಪಿಸಿದ. 1990ರ ದಶಕದಲ್ಲಿ ಬ್ರಸೆಲ್ಸ್‌ನ ಮಾದ್ಲೆನ್ ಲೆಜೂರ್ ಜನಪ್ರಿಯಗೊಳಿಸಿದರು. ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ 1999ರಲ್ಲಿ ಒಳಬದಿಯ ಪೆಡಿಕಲ್ ಬಳಸಿ ಇದನ್ನು ಸರಳಗೊಳಿಸಿದರು. ಇದರ ತಿರುಳು ಇಷ್ಟು: ಗ್ರಂಥಿಯ ಎಡಬಲದ ಕಂಬಗಳನ್ನು ನಡುವೆ ತಂದು ಒಳಗೇ ಹೊಲಿದರೆ ಸ್ತನ ತಾನಾಗಿ ಕೂರುತ್ತದೆ, ಮೇಲಿನ ಚರ್ಮ ಸುಮ್ಮನೆ ಹೊದಿಕೆಯಾಗಿ ಕೂಡಿಕೊಳ್ಳುತ್ತದೆ. ಭಾರವನ್ನು ಗ್ರಂಥಿ ಹೊರುವುದರಿಂದ ಚರ್ಮದ ಹೊಲಿಗೆಯ ಮೇಲೆ ಎಳೆತ ಕಡಿಮೆ. ಲಂಬಗೆರೆ ಅನೇಕರಲ್ಲಿ ತೆಳುವಾಗಿ ಮಾಸುತ್ತದೆ. ಮೊದಲ ವಾರಗಳಲ್ಲಿ ಗೆರೆಯ ಕೆಳತುದಿಯಲ್ಲಿ ಚರ್ಮ ಸುಕ್ಕುಗಟ್ಟಿ ಉಬ್ಬಿರುತ್ತದೆ, ಸ್ತನ ಮೇಲ್ಗಡೆಗೆ ಹೆಚ್ಚು ತುಂಬಿದಂತೆ ಕಾಣುತ್ತದೆ. ಕೆಲವು ತಿಂಗಳುಗಳಲ್ಲಿ ಇದು ಸರಿಹೋಗುವುದು ವಾಡಿಕೆ. ಉಳಿದ ಸುಕ್ಕಿಗೆ ಆಮೇಲೆ ಸಣ್ಣ ತಿದ್ದುಪಡಿ ಬೇಕಾಗಬಹುದು. ಲಂಬಗೆರೆಯ ಬುಡವನ್ನು ಹೊರಬದಿಗೆ ಚಿಕ್ಕದಾಗಿ ತಿರುಗಿಸಿ ಸುಕ್ಕನ್ನು ತೆಗೆಯುವ ಎಲ್ ಅಥವಾ ಜೆ ಆಕಾರದ ಕೊಯ್ತವೂ ಬಳಕೆಯಲ್ಲಿದೆ. ಎದೆಯ ನಡುವಿನ ಕಡೆ ಕಲೆ ಬರದಿರುವುದು ಅದರ ಲಾಭ.

ನಾಲ್ಕನೆಯದು ತಲೆಕೆಳಗಾದ ಟಿ ಆಕಾರದ್ದು. ಲಂಗರು ಕೊಯ್ತ ಎಂದೂ ಕರೆಯುತ್ತಾರೆ. ವೃತ್ತ ಮತ್ತು ಲಂಬಗೆರೆಯ ಜೊತೆಗೆ ಕೆಳಮಡಿಕೆಯುದ್ದಕ್ಕೂ ಅಡ್ಡಗೆರೆ ಸೇರುತ್ತದೆ. 1956ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಬ್ರಾ ತಯಾರಿಸುವ ಮಾದರಿಗಳನ್ನು ಆಧರಿಸಿ ಈ ಕೊಯ್ತದ ನಕ್ಷೆಯನ್ನು ರೂಪಿಸಿದ. ಚರ್ಮವನ್ನು ಅಡ್ಡಕ್ಕೂ ಉದ್ದಕ್ಕೂ ತೆಗೆಯಬಹುದಾದ್ದರಿಂದ ಮೂರನೇ ಹಂತದ ಜೋಲುವಿಕೆಗೆ, ಅದರಲ್ಲೂ ತುಂಬ ತೂಕ ಇಳಿಸಿಕೊಂಡವರಿಗೆ, ಇದೇ ಭರವಸೆಯ ದಾರಿ. ಕಲೆ ಉದ್ದ, ಆದರೆ ಅಡ್ಡಗೆರೆಯ ಬಹುಭಾಗ ಮಡಿಕೆಯಲ್ಲಿ ಮರೆಯಾಗುತ್ತದೆ. ಇದರ ದುರ್ಬಲ ಜಾಗಗಳು ಎರಡು. ಲಂಬ ಮತ್ತು ಅಡ್ಡಗೆರೆಗಳು ಸೇರುವಲ್ಲಿ ಚರ್ಮದ ಮೂರು ಅಂಚುಗಳು ಕೂಡುತ್ತವೆ. ಎಳೆತ ಅಲ್ಲಿ ಹೆಚ್ಚು, ರಕ್ತ ಸಂಚಾರ ಕಡಿಮೆ. ಗಾಯ ಬಿಚ್ಚಿಕೊಂಡರೆ ಸಾಮಾನ್ಯವಾಗಿ ಅಲ್ಲೇ. ಡ್ರೆಸ್ಸಿಂಗ್‌ನಿಂದಲೇ ಬಹುತೇಕ ಮಾಯುತ್ತದೆ, ಕಲೆ ಮಾತ್ರ ಅಲ್ಲಿ ಸ್ವಲ್ಪ ಅಗಲವಾಗುತ್ತದೆ. ಇನ್ನೊಂದು, ಅಡ್ಡಗೆರೆಯ ಎದೆಮೂಳೆಯ ಕಡೆಯ ತುದಿ. ಉಬ್ಬುಕಲೆಗೆ ಹೆಸರಾದ ಜಾಗ ಅದು. ಗೆರೆಯನ್ನು ಅಲ್ಲಿಗೆ ಎಳೆಯದೆ ಮೊದಲೇ ನಿಲ್ಲಿಸುವುದು ಜಾಣತನ. ಭಾರವನ್ನೆಲ್ಲ ಚರ್ಮವೇ ಹೊರಲಿ ಎಂದು ಬಿಟ್ಟರೆ ಅದು ಮತ್ತೆ ಹಿಗ್ಗಿ, ಗ್ರಂಥಿ ಕೆಳಗೆ ಜಾರಿ, ತೊಟ್ಟು ಮೇಲೆ ನೋಡುವಂತಾಗುತ್ತದೆ. ಆದ್ದರಿಂದ ಇಲ್ಲಿಯೂ ಗ್ರಂಥಿಯನ್ನು ಒಳಗೆ ಹೊಲಿದು ನಿಲ್ಲಿಸುವುದು ಮುಖ್ಯ.

ಕೊಯ್ತ ಯಾವುದೇ ಇರಲಿ, ಗಾಯ ಮಾಯುವ ಕ್ರಮ ಒಂದೇ. ಮೊದಲ ಕೆಲವು ದಿನ ರಕ್ತ ಹೆಪ್ಪುಗಟ್ಟಿ ಉರಿಯೂತ ಇರುತ್ತದೆ. ಬಳಿಕ ನಾರುಕೋಶಗಳು ಬಂದು ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳನ್ನು ಅವಸರದಲ್ಲಿ ಹೆಣೆಯುತ್ತವೆ. ಮುಂದಿನ ತಿಂಗಳುಗಳಲ್ಲಿ ಹಳೆಯ ಎಳೆಗಳು ಕರಗಿ, ಗಟ್ಟಿ ಎಳೆಗಳು ಸಾಲಾಗಿ ಕೂರುತ್ತವೆ. ಮೂರು ವಾರದ ಗಾಯಕ್ಕೆ ಮೂಲ ಚರ್ಮದ ಮೂರನೇ ಒಂದು ಭಾಗದಷ್ಟೂ ಬಲ ಇರುವುದಿಲ್ಲ. ಮೂರು ತಿಂಗಳಿಗೆ ಅದು ಸುಮಾರು ಶೇ. 80 ತಲುಪಿ ಅಲ್ಲೇ ನಿಲ್ಲುತ್ತದೆ, ಪೂರ್ತಿ ಬಲ ಎಂದೂ ಬರುವುದಿಲ್ಲ. ಈ ಅವಧಿಯಲ್ಲಿ ಎಳೆತ ಬಿದ್ದರೆ ನಾರುಕೋಶಗಳು ಇನ್ನಷ್ಟು ಕೊಲಾಜೆನ್ ಸುರಿಯುತ್ತವೆ, ಇಲ್ಲವೆ ಕಲೆ ಹರಡುತ್ತದೆ. ಆರು ವಾರದಿಂದ ಮೂರು ತಿಂಗಳವರೆಗೆ ಕಲೆ ಕೆಂಪಾಗಿ, ಗಡುಸಾಗಿ, ತುರಿಸುವುದು ಸಹಜ. ಅದು ಮೆತ್ತಗಾಗಿ ಬಣ್ಣ ಮಾಸಲು 12ರಿಂದ 18 ತಿಂಗಳು ಬೇಕು. ಎರಡು ತಿಂಗಳ ಕಲೆಯನ್ನು ನೋಡಿ ಶಸ್ತ್ರಚಿಕಿತ್ಸೆಯನ್ನು ಅಳೆಯಬಾರದು.

ಗಾಯದ ಎಲ್ಲೆಯೊಳಗೇ ಉಬ್ಬಿ, ಕಾಲಾನಂತರ ಇಳಿಯಬಹುದಾದ ಕಲೆ ಹೈಪರ್‌ಟ್ರಾಫಿಕ್ ಕಲೆ. ಎಲ್ಲೆ ಮೀರಿ ಒಳ್ಳೆಯ ಚರ್ಮಕ್ಕೂ ಬೆಳೆಯುವುದು ಕೀಲಾಯ್ಡ್. ಅದು ತಾನಾಗಿ ಕುಗ್ಗುವುದು ಅಪರೂಪ, ಕತ್ತರಿಸಿದರೆ ಮತ್ತೆ ಬೆಳೆಯುವುದುಂಟು. ಬಿಳಿಚರ್ಮದವರಿಗಿಂತ ಕಪ್ಪು ಮತ್ತು ಕಂದುಬಣ್ಣದವರಲ್ಲಿ ಕೀಲಾಯ್ಡ್ ಹೆಚ್ಚು, ಮನೆತನದಲ್ಲಿ ಹರಿದುಬರುವುದೂ ಇದೆ. ಕರ್ನಾಟಕದ ಹೆಚ್ಚಿನ ಮಹಿಳೆಯರ ಚರ್ಮ ಕಂದುಬಣ್ಣದ್ದೇ. ಆದ್ದರಿಂದ ಪಾಶ್ಚಾತ್ಯ ಪುಸ್ತಕಗಳ ಚಿತ್ರಗಳಲ್ಲಿ ಮಾಯವಾದಂತೆ ಕಾಣುವ ಕಲೆ ಇಲ್ಲಿ ಕಪ್ಪಾಗಿ ಉಳಿಯಬಹುದು, ಕಡುಕಪ್ಪು ಏರಿಯೋಲಾದ ಅಂಚಿನಲ್ಲಿ ಬಿಳಿಗೆರೆಯಾಗಿ ಎದ್ದು ಕಾಣಬಹುದು. ಕಿವಿ ಚುಚ್ಚಿಸಿದಲ್ಲಿ ಅಥವಾ ಸಿಸೇರಿಯನ್ ಗಾಯದಲ್ಲಿ ಕಲೆ ಬೆಳೆದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು.

ಕಲೆಯ ಆರೈಕೆ ಶಸ್ತ್ರಚಿಕಿತ್ಸೆಗೆ ಮೊದಲೇ ಶುರುವಾಗುತ್ತದೆ. ನಿಕೋಟಿನ್ ಸೂಕ್ಷ್ಮ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕನಿಷ್ಠ ನಾಲ್ಕು ವಾರ ಮೊದಲೇ ಮತ್ತು ಗಾಯ ಮಾಯುವವರೆಗೂ ಬೀಡಿ, ಸಿಗರೇಟು, ಹೊಗೆಸೊಪ್ಪನ್ನು ಬಿಡಬೇಕು. ಮಧುಮೇಹ ಹಿಡಿತದಲ್ಲಿರಬೇಕು. ಆಮೇಲೆ ಕೆಲವು ವಾರ ಸ್ತನಕ್ಕೆ ಆಧಾರ ಕೊಡುವ ಬ್ರಾ ಮತ್ತು ಗಾಯದ ಮೇಲೆ ಕಾಗದದ ಟೇಪು ಎಳೆತವನ್ನು ತಗ್ಗಿಸುತ್ತವೆ. ಗಾಯ ಪೂರ್ತಿ ಕೂಡಿದ ಮೇಲೆ ಸಿಲಿಕೋನ್ ಹಾಳೆ ಅಥವಾ ಜೆಲ್ ಅನ್ನು ಎರಡು ಮೂರು ತಿಂಗಳು ಬಿಡದೆ ಬಳಸುವುದು ವೈದ್ಯರು ಒಪ್ಪಿದ ಕ್ರಮ. ವಿಟಮಿನ್ ಇ ಎಣ್ಣೆ ಹಚ್ಚುವುದರಿಂದ ಲಾಭವೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕೆಲವರ ಚರ್ಮಕ್ಕೆ ಅದು ಕೆರೆತ ತರುತ್ತದೆ. ಕಲೆ ಉಬ್ಬತೊಡಗಿದರೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಚುಚ್ಚುಮದ್ದನ್ನು ಕಲೆಯೊಳಗೇ ಕೊಡುತ್ತಾರೆ. ಕಲೆಯನ್ನು ಕತ್ತರಿಸಿ ತಿದ್ದುವ ಮಾತು ಒಂದು ವರ್ಷದ ನಂತರದ್ದು.

ಚರ್ಮದಾಚೆಯ ಸಂಗತಿಗಳೂ ಇವೆ. ತೊಟ್ಟಿನ ಸ್ಪರ್ಶ ಕೆಲವರಲ್ಲಿ ತಗ್ಗುತ್ತದೆ. ಹಾಲಿನ ನಾಳಗಳು ಪೆಡಿಕಲ್‌ನಲ್ಲಿ ಉಳಿದರೆ ಮುಂದೆ ಹಾಲೂಡಿಸಲು ಸಾಧ್ಯ, ಖಾತರಿಯಿಲ್ಲ. ಇನ್ನೊಂದು ಬಸಿರು ಸ್ತನವನ್ನು ಮತ್ತೆ ಜೋಲಿಸಬಹುದಾದ್ದರಿಂದ ಮಕ್ಕಳು ಬೇಕೆನ್ನುವವರು ಕಾಯುವುದು ಒಳಿತು. ಒಳಗಿನ ಹೊಲಿಗೆಯ ಗಂಟುಗಳು ಮುಂದಿನ ಮ್ಯಾಮೊಗ್ರಾಮ್‌ನಲ್ಲಿ ಕಾಣಬಹುದು, ಪರೀಕ್ಷಿಸುವವರಿಗೆ ಶಸ್ತ್ರಚಿಕಿತ್ಸೆಯ ವಿಷಯ ತಿಳಿಸಬೇಕು.

ಚಿಕ್ಕ ಕಲೆಯೇ ಒಳ್ಳೆಯ ಕಲೆ ಎಂಬುದು ತಪ್ಪು ಎಣಿಕೆ. ಬಿಗಿಯಾಗಿ ಎಳೆದು ಮುಚ್ಚಿದ ಚಿಕ್ಕ ವೃತ್ತಕ್ಕಿಂತ, ಎಳೆತವಿಲ್ಲದೆ ಕೂಡಿದ ಉದ್ದಗೆರೆ ಚೆನ್ನಾಗಿ ಮಾಸುತ್ತದೆ. ತೆಗೆಯಬೇಕಾದ ಚರ್ಮ ಎಷ್ಟಿದೆಯೋ ಕೊಯ್ತ ಅಷ್ಟು ಇರಬೇಕು, ಭಾರವನ್ನು ಗ್ರಂಥಿಯ ಒಳಹೊಲಿಗೆ ಹೊರಬೇಕು. ಈ ಶಸ್ತ್ರಚಿಕಿತ್ಸೆಯನ್ನು ಯೋಚಿಸುವ ಮಹಿಳೆ ವೈದ್ಯರನ್ನು ಕೇಳಬೇಕಾದ್ದು, ತನ್ನಷ್ಟೇ ಜೋಲುವಿಕೆ ಮತ್ತು ತನ್ನಂಥದೇ ಮೈಬಣ್ಣ ಇದ್ದವರ ಕಲೆ ಒಂದು ವರ್ಷದ ಮೇಲೆ ಹೇಗಿದೆ ಎಂಬುದನ್ನು. ಆ ಉತ್ತರ ಸಿಕ್ಕ ಮೇಲೆಯೇ ಒಪ್ಪಿಗೆ ಕೊಡಬೇಕು.