ಉಳಿತಾಯವು ಕಣದಲ್ಲಿಯೇ ಮೊದಲಾಗತಕ್ಕದ್ದು

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಸುತ್ತಮುತ್ತ ಬತ್ತ, ಕಬ್ಬುಗಳೇ ಮುಖ್ಯವಾದ ಬೆಳೆಗಳು. ಇವುಗಳ ಹಣವು ಸುಗ್ಗಿಯಲ್ಲಿ ಒಟ್ಟಿಗೆ ಕೈಸೇರುವುದು. ಮನೆಯ ವೆಚ್ಚವಾದರೋ ಹನ್ನೆರಡು ತಿಂಗಳೂ ಇರುವುದು. ಸುಗ್ಗಿಯಲ್ಲಿ ಎತ್ತಿಡದ ಗೃಹಸ್ಥನು ಬಿತ್ತನೆಯ ಕಾಲದಲ್ಲಿ ಸಾಲಕ್ಕೆ ಕೈಯೊಡ್ಡಬೇಕಾಗುವುದು. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ತಂದರೆ ವರ್ಷಕ್ಕೆ 2,400 ರೂಪಾಯಿ ಬಡ್ಡಿಗೇ ಹೋಗುವುದು. ಆದಕಾರಣ ಸಾಲವನ್ನು ತಪ್ಪಿಸುವುದೇ ಮೊದಲನೆಯ ಉಳಿತಾಯವು.

1. ಬಿತ್ತನೆಯ ಬತ್ತವನ್ನು ಮನೆಯಲ್ಲಿಯೇ ಇಡತಕ್ಕದ್ದು. ಬೆರಕೆಯಿಲ್ಲದ ಪೈರನ್ನು ಬೇರೆಯಾಗಿ ಕೊಯ್ದು, ಬಡಿದು, ಚೆನ್ನಾಗಿ ಒಣಗಿಸಿ, ನೆಲದ ತೇವ ತಾಗದಂತೆ ಹಲಗೆಯ ಮೇಲಿಡಬೇಕು. ಬಿತ್ತುವಾಗ, ಹಸಿ ಕೋಳಿಮೊಟ್ಟೆಯು ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜವನ್ನು ಹಾಕಿ, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ್ದನ್ನು ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಹೈಬ್ರಿಡ್ ತಳಿಯ ಫಸಲನ್ನು ಮಾತ್ರ ಬೀಜಕ್ಕೆ ಇಡಕೂಡದು. ಅದರ ಗುಣವು ಮುಂದಿನ ಬೆಳೆಯಲ್ಲಿ ಒಂದೇ ಸಮನಾಗಿ ನಿಲ್ಲದು.

2. ಸಗಣಿಯನ್ನು ಬೆರಣಿ ಮಾಡಿ ಸುಡುವುದೂ, ಕಬ್ಬಿನ ಒಣಗರಿಗೆ ಬೆಂಕಿಯಿಡುವುದೂ ಹಣವನ್ನು ಸುಟ್ಟಂತೆಯೇ ಸರಿ. ಇವೆರಡನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಮಣ್ಣು ಮುಚ್ಚಿ ಕೊಳೆಯಿಸಿದರೆ ಕೊಳ್ಳುವ ಗೊಬ್ಬರವು ಕಡಮೆಯಾಗುವುದು.

3. ಬೆಳೆಯ ಹಣ ಬಂದ ದಿನವೇ ಮುಂದಿನ ಬೇಸಾಯದ ವೆಚ್ಚವನ್ನು ಬೇರೆಯಾಗಿ ತೆಗೆದು ಸಹಕಾರ ಸಂಘದಲ್ಲಿಡಬೇಕು. ಮದುವೆ, ಹಬ್ಬಗಳಿಗೆ ಉಳಿದುದರಲ್ಲಿ ಖರ್ಚು ಮಾಡತಕ್ಕದ್ದು.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಳಾಗಿ ರೈತರ ಸಹಕಾರ ಸಂಘವನ್ನು ಕಟ್ಟಿದರು. ಊರಿನ ಮುಖಂಡರು ಮೊದಲು ತಾವು ಎತ್ತಿಟ್ಟು ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.