ಹಿತ್ತಲ ದಾಸವಾಳ: ಬೆಳೆಸುವ ಕ್ರಮ ಮತ್ತು ದ್ರಾಕ್ಷಿ ಬೆಳೆಗಾರರು ವಹಿಸಬೇಕಾದ ಎಚ್ಚರ

ಬಬಲೇಶ್ವರ ತಾಲೂಕಿನ ಕಾಖಂಡಕಿಯಂಥ ಊರುಗಳಲ್ಲಿ ಹಿತ್ತಲಿಗೊಂದು ದಾಸವಾಳ ಇರುವುದು ವಾಡಿಕೆ. ಪೂಜೆಗೆ ಹೂವು, ತಲೆ ತೊಳೆಯಲು ಎಲೆ ಎರಡೂ ಮನೆಯಲ್ಲೇ ದೊರೆಯುತ್ತವೆ. ಆದರೆ ಬಬಲೇಶ್ವರ, ತಿಕೋಟಾ ಭಾಗವು ದ್ರಾಕ್ಷಿಯ ಸೀಮೆಯೂ ಹೌದು. ದಾಸವಾಳದ ಕುಡಿಗೆ ಹತ್ತುವ ಗುಲಾಬಿ ಹಿಟ್ಟು ತಿಗಣೆಯೇ ದ್ರಾಕ್ಷಿ ಗೊಂಚಲಿಗೂ ಮುತ್ತುತ್ತದೆ. ಆದ್ದರಿಂದ ಈ ಗಿಡವನ್ನು ಚೆನ್ನಾಗಿ ನೋಡಿಕೊಳ್ಳುವುದು ಕೇವಲ ಹೂವಿನ ಆಸೆಗಲ್ಲ, ತೋಟದ ಹಿತಕ್ಕೂ ಅವಶ್ಯ.

ಮಣ್ಣು ಮತ್ತು ನಾಟಿ

ದಾಸವಾಳಕ್ಕೆ ದಿನಕ್ಕೆ ಐದಾರು ತಾಸು ಬಿಸಿಲು ಹಾಗೂ ನೀರು ಬಸಿದು ಹೋಗುವ ಮಣ್ಣು ಬೇಕು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿಯುತ್ತದೆ. ಬೇರಿಗೆ ಗಾಳಿ ಸಿಗದೆ ಎಲೆ ಹಳದಿಯಾಗಿ ಮೊಗ್ಗು ಉದುರುತ್ತವೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಬೇರು ಹರಿಯುತ್ತದೆ. ಆದ್ದರಿಂದ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ತಳಕ್ಕೆ ಇಟ್ಟಿಗೆ ಚೂರು ಹಾಕಬೇಕು. ಎರೆಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಇವುಗಳನ್ನು ಸಮಪಾಲು ಬೆರೆಸಿ, ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಕ್ಕೆ ತುಂಬಬೇಕು.

ಜೂನ್-ಜುಲೈ ತಿಂಗಳಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ, ಮೂರು ನಾಲ್ಕು ಕಣ್ಣುಗಳುಳ್ಳ ಕಡ್ಡಿಗಳನ್ನು ಮರಳು ಮಿಶ್ರಿತ ಮಣ್ಣಿನಲ್ಲಿ ನೆರಳಿಗೆ ಊರಬೇಕು. ಒಂದೂವರೆ ತಿಂಗಳಲ್ಲಿ ಬೇರು ಬಿಡುತ್ತವೆ. ಮೊದಲ ಸಲ ಬೆಳೆಸುವವರಿಗೆ ಕಸಿ ಮಾಡಿದ ದೊಡ್ಡ ಹೂವಿನ ಜಾತಿಗಳಿಗಿಂತ ನಾಟಿ ಕೆಂಪು ದಾಸವಾಳವೇ ಲೇಸು. ಕಡ್ಡಿ ತರುವ ಗಿಡದಲ್ಲಿ ಹಿಟ್ಟು ತಿಗಣೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳತಕ್ಕದ್ದು.

ನೀರು ಮತ್ತು ಗೊಬ್ಬರ

ಮೇಲ್ಮಣ್ಣು ಒಂದು ಅಂಗುಲ ಒಣಗಿದ ಮೇಲೆಯೇ ನೀರು ಕೊಡಬೇಕು. ಸವಳು ನೀರು ಹಾಗೂ ಸೋಡಾ, ಸಾಬೂನು ಬೆರೆತ ಬಚ್ಚಲ ನೀರು ನಿತ್ಯವೂ ಬೇಡ. ಬೇಸಿಗೆಯಲ್ಲಿ ಬುಡಕ್ಕೆ ಒಣಹುಲ್ಲು ಅಥವಾ ಕಬ್ಬಿನ ರವದಿ ಹೊದಿಸಬೇಕು. ಜೂನ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಗಿಡಕ್ಕೆ ಒಂದೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಸಾಕು.

ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಸಂಜೆ ಹೊತ್ತು ಎಲೆಗಳ ಮೇಲೆ ಸಿಂಪಡಿಸಬೇಕು.

ಹಿಟ್ಟು ತಿಗಣೆ

ಈ ಕೀಟ ಕುಡಿಯ ರಸ ಹೀರುವಾಗ ಬಿಡುವ ವಿಷದಿಂದ ಎಲೆಗಳು ಮುದುಡಿ, ಕುಡಿ ಗಂಟುಗಟ್ಟುತ್ತದೆ. ನಡುವೆ ಬಿಳಿ ಅರಳೆಯಂಥ ಮೊಟ್ಟೆ ಚೀಲಗಳು ಕಾಣುತ್ತವೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಗಾಳಿಯಲ್ಲಿ ತೇಲಿ, ಇರುವೆಗಳಿಗೂ ಬಟ್ಟೆಗಳಿಗೂ ಅಂಟಿ ದೂರ ಹೋಗುತ್ತವೆ. ದ್ರಾಕ್ಷಿಯಲ್ಲಿ ಇವು ಕಾಂಡದ ಸಡಿಲ ತೊಗಟೆಯಡಿ ಅಡಗಿದ್ದು, ಗೊಂಚಲು ಬಲಿಯುವಾಗ ಮೇಲೇರುತ್ತವೆ. ಅವು ಸ್ರವಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದ ಗೊಂಚಲು ಮಾರಾಟಕ್ಕೂ ಬಾರದು, ಮಣೂಕಕ್ಕೂ ಒದಗದು.

1994ರಲ್ಲಿ ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದಲ್ಲಿ ಕಾಣಿಸಿಕೊಂಡ ಇದೇ ಕೀಟ ದಾಸವಾಳದ ಜೊತೆಗೆ ಅನೇಕ ಬೆಳೆಗಳನ್ನು ಹಾಳುಮಾಡಿತು. ಕೊನೆಗೆ ಅದನ್ನು ಹತೋಟಿಗೆ ತಂದದ್ದು ಮುಖ್ಯವಾಗಿ ಪರೋಪಜೀವಿ ಕಣಜ ಹಾಗೂ ಗುಲಗಂಜಿ ಹುಳುಗಳು.

ಹತೋಟಿ ಕ್ರಮ

1. ವಾರಕ್ಕೊಮ್ಮೆ ಕುಡಿಗಳನ್ನು ತಿರುವಿ ನೋಡಬೇಕು. ಮುದುಡಿದ ಕುಡಿಗಳನ್ನು ಒಂದು ಗೇಣು ಕೆಳಗೆ ಕತ್ತರಿಸಿ, ಚೀಲದಲ್ಲಿ ಕಟ್ಟಿ ಒಯ್ದು ಸುಡಬೇಕು. ತಿಪ್ಪೆಗಾಗಲಿ ತೋಟದ ಬದುವಿಗಾಗಲಿ ಎಸೆಯಕೂಡದು.

2. ಇರುವೆಗಳು ತಿಗಣೆಯ ಸಿಹಿ ಸ್ರಾವಕ್ಕಾಗಿ ಅದರ ಶತ್ರುಗಳನ್ನು ಓಡಿಸುತ್ತವೆ. ಬುಡದ ಇರುವೆ ಗೂಡುಗಳನ್ನು ಅಗೆದು ತೆಗೆಯಬೇಕು.

3. ಉಳಿದ ತಿಗಣೆಗೆ ಮೊದಲು ರಭಸದ ನೀರು ಹೊಡೆದು, ಮರುದಿನ ಸಂಜೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಹಾಗೂ ಸ್ವಲ್ಪ ಸಾಬೂನು ದ್ರಾವಣ ಬೆರೆಸಿ ಸಿಂಪಡಿಸಬೇಕು. ಹತ್ತು ದಿನಕ್ಕೆ ಇನ್ನೊಮ್ಮೆ ಮಾಡಬೇಕು.

4. ದ್ರಾಕ್ಷಿಗೆ ತಂದು ಉಳಿದ ಔಷಧಿಯನ್ನು ಮನೆಯ ದಾಸವಾಳಕ್ಕೆ ಹೊಡೆಯಲೇಬಾರದು. ಆ ಹೂವು ದೇವರ ಕೋಣೆಗೆ, ಆ ಎಲೆ ತಲೆಗೆ ಹೋಗುತ್ತದೆ. ಹಿತ್ತಲಲ್ಲಿ ಮಕ್ಕಳು ಆಡುತ್ತಾರೆ.

5. ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ಈ ತಿಗಣೆಯನ್ನು ತಿಂದು ಬದುಕುತ್ತದೆ. 1898ರಲ್ಲಿ ಕಾಫಿಯ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಹುಳುವಿದು. ಇದರ ಮರಿಯೂ ಬಿಳಿ ಮೇಣ ಹೊದ್ದು ತಿಗಣೆಯಂತೆಯೇ ಕಾಣುತ್ತದೆ. ತಿಗಣೆಗಿಂತ ದೊಡ್ಡದಾಗಿ ಚುರುಕಾಗಿ ಓಡಾಡುವ ಬಿಳಿ ಹುಳು ಕಂಡರೆ ಕೊಲ್ಲಬೇಡಿರಿ. ಅದು ನಮ್ಮ ಮಿತ್ರ.

ಸವರುವ ಕಾಲ

ದಾಸವಾಳ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಜೂನ್ ಮಳೆ ಬಿದ್ದ ಮೇಲೆ ಗಿಡದ ಮೂರನೇ ಒಂದು ಭಾಗ ಸವರಬೇಕು. ಸೆಪ್ಟೆಂಬರ್ ಕೊನೆಗೆ, ಅಂದರೆ ದ್ರಾಕ್ಷಿಯ ಅಕ್ಟೋಬರ್ ಚಾಟನಿಗೆ ಮೊದಲು, ಇನ್ನೊಮ್ಮೆ ಪರೀಕ್ಷಿಸಿ ರೋಗಿಷ್ಠ ಕುಡಿಗಳನ್ನು ತೆಗೆಯಬೇಕು. ಒಬ್ಬರ ಹಿತ್ತಲು ಶುದ್ಧವಾಗಿದ್ದು ನೆರೆಯವರದು ಹಾಗೇ ಉಳಿದರೆ ಪ್ರಯೋಜನ ಕಡಿಮೆ. ಓಣಿಯವರೆಲ್ಲ ಒಂದೇ ವಾರದಲ್ಲಿ ಈ ಕೆಲಸ ಮುಗಿಸಿದರೆ ಮನೆಗೆ ಹೂವೂ ಉಳಿಯುತ್ತದೆ, ತೋಟದ ಗೊಂಚಲೂ ಉಳಿಯುತ್ತದೆ.