ಇಂಗ್ಲಿಷಿನವರು ಒತ್ತಿ ಹೇಳುವ ‘ಇಲ್ಲ’

‘ಇಲ್ಲ’ ಎನ್ನಲು ಯಾವ ಭಾಷೆಯಲ್ಲಾದರೂ ಒಂದು ಶಬ್ದ ಸಾಕು. ಆದರೆ ಮನುಷ್ಯನಿಗೆ ಅಷ್ಟರಿಂದ ತೃಪ್ತಿಯಿಲ್ಲ. ಸಾಲ ಕೇಳಲು ಬಂದವನಿಗೆ ಬರೇ ‘ಇಲ್ಲ’ ಎಂದರೆ ಆತ ನಾಳೆ ಪುನಃ ಬರುತ್ತಾನೆ. ‘ಬಿಡಿಗಾಸೂ ಇಲ್ಲ’ ಎಂದರೆ ಮಾತ್ರ ಹಿಂತಿರುಗುತ್ತಾನೆ. ಇಂಗ್ಲಿಷ್ ಮಾತನಾಡುವವರೂ ಇದಕ್ಕೆ ಹೊರತಲ್ಲ. ನಿರಾಕರಣೆಗೆ ಬಲ ಕೊಡುವ ನುಡಿಗಟ್ಟುಗಳ ದೊಡ್ಡ ಭಂಡಾರವೇ ಅವರಲ್ಲಿದೆ.

ಪಾಠಪುಸ್ತಕಗಳಲ್ಲಿ ಇವು ಅಷ್ಟಾಗಿ ಕಾಣಸಿಗವು. ಆದರೆ ಕತೆ, ಕಾದಂಬರಿ, ಚಲಚ್ಚಿತ್ರಗಳಲ್ಲಿ, ಉದ್ಯೋಗಕ್ಕೆಂದು ಪರದೇಶಕ್ಕೆ ಹೋದಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುತ್ತವೆ. ಮನೆಯಲ್ಲಿ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಇವನ್ನು ಶಬ್ದಕ್ಕೆ ಶಬ್ದ ಇಟ್ಟು ಅರ್ಥ ಮಾಡಹೊರಟರೆ ಎಡವುವುದು ಖಂಡಿತ.

ಹಂದಿ ಹಾರುವ ಕಾಲ

ಆಗದ ಕೆಲಸವೊಂದನ್ನು ಮುಂದಿಟ್ಟು ‘ಅದಾದರೆ ಇದೂ ಆದೀತು’ ಎನ್ನುವುದು ಒಂದು ಬಗೆ. ‘ವೆನ್ ಪಿಗ್ಸ್ ಫ್ಲೈ’ ಎಂದರೆ ಹಂದಿಗಳು ಹಾರುವಾಗ, ಅರ್ಥಾತ್ ಎಂದೆಂದಿಗೂ ಇಲ್ಲ. ‘ವೆನ್ ಹೆಲ್ ಫ್ರೀಜಸ್ ಓವರ್’ ಎಂದರೆ ಬೆಂಕಿಯ ನರಕ ಹೆಪ್ಪುಗಟ್ಟಿದಾಗ. ನಮ್ಮ ನೆರೆಯ ಮಲಯಾಳದವರು ಕಾಗೆ ಅಂಗಾತ ಹಾರುವ ಮಾತಾಡುತ್ತಾರೆ; ಫ್ರೆಂಚರು ಕೋಳಿಗೆ ಹಲ್ಲು ಬರುವುದನ್ನು ಕಾಯುತ್ತಾರೆ. ಪ್ರಾಣಿ ಬೇರೆ, ಯುಕ್ತಿ ಒಂದೇ.

ಜೀವವನ್ನೋ ಸಂಪತ್ತನ್ನೋ ಪಣಕ್ಕಿಡುವುದು ಇನ್ನೊಂದು ಬಗೆ. ‘ಓವರ್ ಮೈ ಡೆಡ್ ಬಾಡಿ’ ಎಂದರೆ ನನ್ನ ಹೆಣ ದಾಟಿಯೇ ಆ ಕೆಲಸ ಆಗಬೇಕು. ‘ನಾಟ್ ಫಾರ್ ಆಲ್ ದ ಟೀ ಇನ್ ಚೈನಾ’ ಎಂದರೆ ಚೀನಾದ ಚಹಾವನ್ನೆಲ್ಲ ಕೊಟ್ಟರೂ ಒಲ್ಲೆ. ಒಂದು ಕಾಲಕ್ಕೆ ಬ್ರಿಟನ್ನಿನ ಚಹಾವೆಲ್ಲ ಹೆಚ್ಚುಕಡಿಮೆ ಚೀನಾದಿಂದಲೇ ಬರುತ್ತಿತ್ತೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಎಳ್ಳಷ್ಟೂ ಇಲ್ಲ

ಮೂರನೆಯದು ನಮಗೆ ಚಿರಪರಿಚಿತ. ಅತಿ ಸಣ್ಣದೊಂದು ವಸ್ತುವನ್ನು ಹೆಸರಿಸಿ, ಅಷ್ಟೂ ಇಲ್ಲ ಎನ್ನುವುದು. ನಮಗೆ ಎಳ್ಳು, ಅವರಿಗೆ ‘ಜಾಟ್’. ಈ ‘ಜಾಟ್’ ಗ್ರೀಕ್ ವರ್ಣಮಾಲೆಯ ‘ಅಯೋಟ’ ಎಂಬ ಪುಟ್ಟ ಅಕ್ಷರದಿಂದ ಬಂದುದು. 1611ರ ಬೈಬಲ್ ಭಾಷಾಂತರದಲ್ಲಿ, ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಈ ಶಬ್ದವಿದೆ. ‘ಡೋಂಟ್ ಕೇರ್ ಎ ಫಿಗ್’ ಎಂಬಲ್ಲಿ ಅಂಜೂರದ ಹಣ್ಣು ಬರುತ್ತದೆ. ನಾವು ‘ಹುಲ್ಲುಕಡ್ಡಿಗೆ ಸಮಾನ’ ಎಂದು ತಳ್ಳಿಹಾಕಿದಂತೆಯೇ ಇದು.

‘ನಾಟ್’ ಹುಟ್ಟಿದ ಕತೆ

ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, ಇಂದು ತೀರ ಸಾಮಾನ್ಯವೆನಿಸುವ ‘ನಾಟ್’ ಶಬ್ದವೂ ಮೂಲದಲ್ಲಿ ಇಂತಹದೇ ಒತ್ತುಮಾತು. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ‘ನೆ’ ಎಂದರೆ ಸಾಕಿತ್ತು. ಅದು ಸಪ್ಪೆಯೆನಿಸಿದಾಗ ‘ಯಾವ ವಸ್ತುವೂ ಇಲ್ಲ’ ಎಂಬರ್ಥದ ‘ನಾವಿಹ್ಟ್’ ಶಬ್ದವನ್ನು ಬಲಕ್ಕಾಗಿ ಸೇರಿಸಿದರು. ಬಳಸಿ ಬಳಸಿ ಅದು ಸವೆದು ‘ನಾಟ್’ ಆಯಿತು. ಮೂಲದ ‘ನೆ’ ಉದುರಿಹೋಯಿತು. ಊರುಗೋಲಾಗಿ ಬಂದದ್ದೇ ಕಾಲಾಗಿ ನಿಂತಿತು! ಮುಂದೆ ‘ಡು ನಾಟ್’ ಎಂಬುದು ‘ಡೋಂಟ್’ ಎಂದು ಕುಗ್ಗಿದಾಗ ಆ ‘ನಾಟ್’ ಕೂಡ ಒಂದು ಬಾಲವಾಗಿ ಉಳಿಯಿತು.

ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಓಟೋ ಯೆಸ್ಪರ್ಸನ್ 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದರು. ಫ್ರೆಂಚಿನಲ್ಲಿ ಈಗ ‘ಇಲ್ಲ’ ಎಂಬ ಅರ್ಥ ಕೊಡುವ ‘ಪಾ’ ಶಬ್ದ ಮೂಲತಃ ‘ಹೆಜ್ಜೆ’. ‘ಒಂದು ಹೆಜ್ಜೆಯೂ ನಡೆಯಲಾರೆ’ ಎಂಬಂತಹ ಮಾತಿನಿಂದ ಬಂದುದು.

ಹಿಂದೆ ಇಂಗ್ಲಿಷಿನಲ್ಲಿ ಇಲ್ಲದ ಮೇಲೆ ಇಲ್ಲ ಪೇರಿಸುವುದು ತಪ್ಪೆನಿಸಿರಲಿಲ್ಲ. 14ನೇ ಶತಮಾನದ ಕವಿ ಚಾಸರ್ ತನ್ನ ಕಾವ್ಯದ ವೀರನೊಬ್ಬ ಯಾರಿಗೂ ಕೆಟ್ಟ ಮಾತಾಡಿದವನಲ್ಲ ಎನ್ನಲು ನಾಲ್ಕು ನಿಷೇಧಗಳನ್ನು ಒಟ್ಟಿಗೆ ಬಳಸಿದ್ದಾನೆ. ಎರಡು ‘ಇಲ್ಲ’ ಸೇರಿದರೆ ‘ಉಂಟು’ ಎಂಬ ಲೆಕ್ಕವನ್ನು ಬಲವಾಗಿ ಊರಿದವರು 18ನೇ ಶತಮಾನದ ವ್ಯಾಕರಣಕಾರರು.

ಮೋಸದ ಮಾತುಗಳು

ನಿಷೇಧದ ಶಬ್ದವೇ ಇಲ್ಲದೆ ನಿಷೇಧಿಸುವುದೂ ಉಂಟು. ‘ಫ್ಯಾಟ್ ಚಾನ್ಸ್’ ಎಂದರೆ ದಪ್ಪ ಅವಕಾಶವಲ್ಲ, ಅವಕಾಶವೇ ಇಲ್ಲ. ಒಬ್ಬನನ್ನು ‘ಪಂಡಿತ’ ಎಂದು ಹೇಳಿ ‘ಮೈ ಫುಟ್’ ಎಂದು ಸೇರಿಸಿದರೆ ಆತ ಪಂಡಿತನಲ್ಲ ಎಂದೇ ತಾತ್ಪರ್ಯ. ನಮ್ಮವರು ‘ಭಾರೀ ಪಂಡಿತ!’ ಎಂದು ರಾಗ ಎಳೆದ ಹಾಗೆ.

ಇದಕ್ಕೆ ವಿರುದ್ಧವಾಗಿ ‘ನಾಟ್’ ಇದ್ದೂ ಒಪ್ಪಿಗೆಯಾಗುವುದುಂಟು. ‘ನಾಟ್ ಹಾಫ್ ಬ್ಯಾಡ್’ ಎಂದರೆ ಚೆನ್ನಾಗಿದೆ ಎಂದರ್ಥ. ‘ನಾನಿಲ್ಲಿ ಕೂತರೆ ತಮಗೆ ಅಡ್ಡಿಯೇ?’ ಎಂದು ಕೇಳಿದಾಗ ‘ನಾಟ್ ಎಟ್ ಆಲ್’ ಎಂದರೆ ಧಾರಾಳವಾಗಿ ಕೂರಬಹುದು. ‘ಬೇಡವೆಂದರು’ ಎಂದು ಎದ್ದು ಹೋಗುವುದಲ್ಲ. ಅಮೆರಿಕದಲ್ಲಂತೂ ‘ಕುಡ್ ನಾಟ್ ಕೇರ್ ಲೆಸ್’ ಎಂಬುದರಿಂದ ‘ನಾಟ್’ ತೆಗೆದು ‘ಕುಡ್ ಕೇರ್ ಲೆಸ್’ ಎನ್ನುವವರೂ ಅನೇಕರಿದ್ದಾರೆ. ಅರ್ಥ ಮಾತ್ರ ಬದಲಾಗದು!

ಎಲ್ಲಿ, ಯಾರೊಡನೆ?

ಹೆತ್ತವರೂ ಅಧ್ಯಾಪಕರೂ ಮಕ್ಕಳಿಗೆ ಮುಖ್ಯವಾಗಿ ತಿಳಿಸಬೇಕಾದುದು ಇನ್ನೊಂದಿದೆ. ಇಂತಹ ಮಾತುಗಳಿಗೆ ಸ್ಥಳ, ಪಾತ್ರ ನೋಡಬೇಕು. ‘ನೋ ವೇ’ ಎಂಬುದು ಗೆಳೆಯರೊಳಗೆ ಸಲ್ಲುತ್ತದೆ. ಮೇಲಧಿಕಾರಿಗೆ ಹೇಳಿದರೆ ಉದ್ಧಟತನವಾಗುತ್ತದೆ. ಅಲ್ಲಿ ‘ಐ ಆಮ್ ಅಫ್ರೇಡ್ ನಾಟ್’ ಎಂಬ ವಿನಯದ ಮಾತು ಬೇಕು. ಇಲ್ಲಿ ‘ಅಫ್ರೇಡ್’ ಎಂದರೆ ಹೆದರಿಕೆಯಲ್ಲ, ‘ಕ್ಷಮಿಸಿ, ಆಗದು’ ಎಂಬ ಭಾವ. ಕೇಳುವ ಕಿವಿಗೂ ಈ ಎಚ್ಚರ ಅಗತ್ಯ. ಮೃದುವಾಗಿ ಹೇಳಿದ ಮಾತ್ರಕ್ಕೆ ಅದು ಸಡಿಲ ನಿರಾಕರಣೆಯೆಂದು ತಿಳಿಯಬಾರದು. ನಾಳೆ ಪುನಃ ಕೇಳಿದರೂ ಉತ್ತರ ಅದೇ ಇದ್ದೀತು.

ನುಡಿಗಟ್ಟುಗಳನ್ನು ಕಂಠಪಾಠ ಮಾಡಿದರೆ ಸಾಲದು. ಯಾರು, ಯಾರಿಗೆ, ಯಾವ ಧ್ವನಿಯಲ್ಲಿ ಅಂದರು ಎಂಬುದನ್ನು ಗಮನಿಸಬೇಕು. ನಮ್ಮ ಮನೆಮಾತಿನ ‘ಎಳ್ಳಷ್ಟೂ’, ‘ಸುತರಾಂ’, ‘ಬಿಡಿಗಾಸೂ’ಗಳ ಬೆಲೆಯನ್ನು ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷಿನ ಈ ಒಳಗುಟ್ಟು ಬೇಗನೆ ಕೈವಶವಾಗುತ್ತದೆ ಎಂಬುದು ನಮ್ಮ ನಂಬಿಕೆ.